ಅಂಬಾಸಿಡರ್ ಬಾಗಿಲ ಬೀಡಿಂಗ್: ಮಲೆನಾಡಿನ ಮಳೆಯಲ್ಲಿ ಬಳಸಿದ ಮೇಲೆ

ಹಳೆಯ ಅಂಬಾಸಿಡರ್‌ಗೆ ಬಾಗಿಲ ರಬ್ಬರ್ ಹುಡುಕುತ್ತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಕಾರಿನ ಹೆಸರು ಬರೆದ ಚೀಟಿ ಅಂಟಿಸಿ ‘ಸೆಟ್’ ಎಂದು ಮಾರುವ ಗಟ್ಟಿ ರಬ್ಬರಿಗಿಂತ, ಮೀಟರ್ ಲೆಕ್ಕದಲ್ಲಿ ಸಿಗುವ ಮೆತ್ತನೆಯ ಇಪಿಡಿಎಂ (ಒಂದು ಬಗೆಯ ಕೃತಕ ರಬ್ಬರ್) ಬೀಡಿಂಗ್ ನನ್ನ ಕಾರಿಗೆ ಚೆನ್ನಾಗಿ ಒಗ್ಗಿತು. ಹೊಸನಗರ ಸೀಮೆಯ ಹಲವು ಮಳೆಗಾಲ ಕಂಡ ಮೇಲೂ ನೀರು ತಡೆಯುತ್ತಿದೆ. ಕುಂದುಗಳೂ ಇವೆ, ಮುಂದೆ ಬರುತ್ತವೆ.

ನಮ್ಮದು ಮಾರ್ಕ್ 4, ಅಪ್ಪನ ಕಾಲದ್ದು. ಅಂಬಾಸಿಡರ್ ತಯಾರಾಗುತ್ತಿದ್ದ ಉತ್ತರಪಾರಾದ ಕಾರ್ಖಾನೆ 2014ರಲ್ಲಿ ನಿಂತ ಮೇಲೂ ಎಂಜಿನ್, ಬ್ರೇಕಿನ ಸಾಮಾನುಗಳಿಗೆ ಅಷ್ಟೇನೂ ಬರವಿಲ್ಲ. ರಬ್ಬರಿನದೇ ತಲೆನೋವು. ಸಣ್ಣಪುಟ್ಟ ತಯಾರಕರು ತಮಗೆ ತಿಳಿದ ಅಚ್ಚಿನಲ್ಲಿ ತೆಗೆಯುತ್ತಾರೆ. ಒಬ್ಬರದು ಇನ್ನೊಬ್ಬರದಕ್ಕೆ ಹೋಲುವುದಿಲ್ಲ. ‘ಹಳೆಯ ಸ್ಟಾಕ್, ಕಂಪನಿ ಮಾಲು’ ಎಂದು ಅಟ್ಟದಿಂದ ಇಳಿಸಿ ಕೊಟ್ಟರೆ ಹಿಗ್ಗಬೇಡಿ. ಬಳಸದೆ ಇಟ್ಟ ರಬ್ಬರಿಗೂ ಮುಪ್ಪು ಬರುತ್ತದೆ. ಒಂದು ತುಂಡನ್ನು ಬೆರಳಲ್ಲಿ ಪೂರ್ತಿ ಮಡಚಿ ನೋಡಿ. ಮಡಿಕೆಯ ಬೆನ್ನಿನ ಮೇಲೆ ಕೂದಲೆಳೆಯಂಥ ಬಿರುಕು ಕಂಡರೆ ಅಲ್ಲೇ ಬಿಟ್ಟು ಬನ್ನಿ.

ಬಯಲುಸೀಮೆಯಲ್ಲಿ ಬಾಗಿಲ ರಬ್ಬರ್ ಧೂಳಿಗೆ ಅಡ್ಡವಾದರೆ ಸಾಕು. ಇಲ್ಲಿಯ ಮಾತೇ ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸಿನಲ್ಲಿ ಮಳೆ ಸುರಿಯುತ್ತದೆ. ನಮ್ಮ ಹುಲಿಕಲ್ ಘಾಟಿಯೂ ಅದಕ್ಕೆ ಸೋಲುವುದಲ್ಲ. ಆರಿದ್ರಾ ಹಿಡಿದರೆ ಆಶ್ಲೇಷ ಮುಗಿಯುವವರೆಗೆ ಕಾರಿನ ಒಳಗೆ ಹೊಕ್ಕ ನೀರು ಆರುವ ಮಾತಿಲ್ಲ. ಮೊದಲು ಮ್ಯಾಟಿನಡಿ ಬೂಷ್ಟು, ಆಮೇಲೆ ಸೀಟಿನ ವಾಸನೆ, ಕೊನೆಗೆ ತಗಡಿಗೆ ತೂತು.

ಮೊದಲು ತರಿಸಿದ್ದು ಹೊರ ಊರಿನ ಒಬ್ಬ ಮಾರಾಟಗಾರರ ಸೆಟ್. ನೋಡಲು ಲಕ್ಷಣವಾಗಿತ್ತು, ನಾಲ್ಕು ಬಾಗಿಲಿಗೂ ಅಳತೆಗೆ ಕತ್ತರಿಸಿ ಬಂದಿತ್ತು. ಆದರೆ ಅದರ ಕೊಳವೆ ಭಾಗ ಹೆಬ್ಬೆರಳಿಟ್ಟು ಒತ್ತಿದರೂ ಬಗ್ಗದಷ್ಟು ಗಡಸು. ಬಾಗಿಲು ಹಾಕಲು ಭುಜ ಕೊಟ್ಟು ನೂಕಬೇಕಾಯಿತು. ಅಷ್ಟು ಬಿಗಿಯಾದ ಮೇಲೆ ನೀರಾದರೂ ನಿಂತೀತೇ ಎಂದರೆ, ಹಿಂಬಾಗಿಲ ಮೇಲ್ಮೂಲೆಯಿಂದ ಧಾರಾಳವಾಗಿ ಒಳಗೆ ಬರುತ್ತಿತ್ತು. ಗಡಸು ರಬ್ಬರ್ ಸಂದು ಕಿರಿದಾಗಿರುವ ಕಡೆ ಬಾಗಿಲನ್ನು ತಡೆದು ನಿಲ್ಲಿಸುತ್ತದೆ. ಸಂದು ಅಗಲವಾಗಿರುವ ಕಡೆ ಅದು ಬಾಗಿಲನ್ನು ಮುಟ್ಟುವುದೇ ಇಲ್ಲ. ಮಾರಾಟಗಾರರಿಗೆ ಫೋನ್ ಮಾಡಿದರೆ ‘ಸ್ವಲ್ಪ ದಿನ ಬಳಸಿ, ಕೂರುತ್ತದೆ’ ಎಂಬ ಉತ್ತರ. ಮಳೆಗಾಲ ಮುಗಿದರೂ ಕೂರಲಿಲ್ಲ, ಹಣವೂ ವಾಪಸಾಗಲಿಲ್ಲ.

ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ನಮ್ಮ ಕಾರನ್ನು ಬಹುಕಾಲದಿಂದ ಬಲ್ಲ ಟಿಂಕರ್ ಒಬ್ಬರಿದ್ದಾರೆ. ಬಾಗಿಲನ್ನು ಅರ್ಧ ತೆರೆದು, ಹಿಡಿಕೆಯ ಕಡೆಯಿಂದ ಮೇಲೆತ್ತಿ, ಕೆಳಗೆ ಬಿಟ್ಟು, “ಬಾಗಿಲೇ ಜೋತು ಬಿದ್ದಿದೆ ಭಟ್ಟರೇ, ಪಾಪದ ರಬ್ಬರ್ ಏನು ಮಾಡೀತು?” ಎಂದರು. ಹಿಂಜಿನ ಪಿನ್ನು ಸವೆದು ಆಟ ಕೊಡುತ್ತಿತ್ತು. ಪಿನ್ನು ಬದಲಿಸಿ, ಲಾಕ್ ಕಚ್ಚುವ ಪಟ್ಟಿಯನ್ನು ತುಸು ಸರಿಸಿದ ಮೇಲೆ ಅರ್ಧ ಸೋರಿಕೆ ಹಳೆಯ ರಬ್ಬರಿನಲ್ಲೇ ನಿಂತಿತು. ಹೊಸ ರಬ್ಬರ್ ಕೊಳ್ಳುವ ಮುನ್ನ ಈ ಕೆಲಸ ಮಾಡಿಸಿ. ಆ ಮಾತನ್ನು ಯಾವ ರಬ್ಬರ್ ಅಂಗಡಿಯವರೂ ಹೇಳುವುದಿಲ್ಲ, ಹೇಳಿದರೆ ಅವರ ವ್ಯಾಪಾರ ಕೆಡುತ್ತದಲ್ಲ!

ಸಂದಿನ ಅಳತೆಗೆ ನಾನು ಬಳಸಿದ್ದು ಚಪಾತಿ ಹಿಟ್ಟು. ಗಟ್ಟಿಯಾಗಿ ಕಲಸಿದ ಹಿಟ್ಟಿನ ಸಣ್ಣ ಉಂಡೆಗಳನ್ನು ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ರಬ್ಬರ್ ತೆಗೆದ ಚೌಕಟ್ಟಿನ ಸುತ್ತ ಗೇಣಿಗೊಂದರಂತೆ ಅಂಟಿಸಿ, ಬಾಗಿಲು ಹಾಕಿ ತೆರೆದರೆ ಆಯಿತು. ಚಪ್ಪಟೆಯಾದ ಹಿಟ್ಟಿನ ದಪ್ಪವೇ ಆ ಜಾಗದ ಸಂದು. ನನ್ನ ಕಾರಿನಲ್ಲಿ ಹಿಂಜಿನ ಬದಿ 8 ಮಿಲಿಮೀಟರ್, ಲಾಕಿನ ಬದಿ 10, ಹಿಂಬಾಗಿಲ ಮೇಲ್ಮೂಲೆಯಲ್ಲಿ 13. ಒಂದೇ ಬಾಗಿಲಿಗೆ ಇಷ್ಟು ವ್ಯತ್ಯಾಸವಿದ್ದರೆ ಚೀಟಿಯ ಮೇಲಿನ ಹೆಸರು ನಂಬಿ ಪ್ರಯೋಜನವೇನು? (ಅಳತೆ ಮುಗಿದ ಹಿಟ್ಟನ್ನು ಅಮ್ಮ ದನದ ಕಲಗಚ್ಚಿಗೆ ಹಾಕಿದರು, ನನ್ನನ್ನು ಬೈಯುತ್ತಲೇ.)

ಈ ಅಳತೆ ಬರೆದ ಹಾಳೆ ಹಿಡಿದು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಅಲ್ಲಿ ನಾನಾ ಗಾತ್ರದ ಬೀಡಿಂಗ್ ಸುರುಳಿಗಳು ಸಿಗುತ್ತವೆ. ಬೇಕಾದದ್ದು ಎರಡು ಭಾಗದ್ದು: ತಗಡಿನ ಅಂಚನ್ನು ಕಚ್ಚುವ, ಒಳಗೆ ಲೋಹದ ಪಟ್ಟಿಯಿರುವ ಗಟ್ಟಿ ದವಡೆ, ಅದರ ಪಕ್ಕಕ್ಕೆ ಸ್ಪಂಜಿನಂಥ ಟೊಳ್ಳು ಕೊಳವೆ. ಸಂದಿಗಿಂತ ಕೊಳವೆ ದಪ್ಪವಿರಬೇಕು, ಬಾಗಿಲು ಹಾಕಿದಾಗ ಮೂರನೆಯ ಒಂದು ಭಾಗದಷ್ಟು ಅಮುಕಬೇಕು. ನಾನು ತಂದದ್ದು 15 ಮಿಲಿಮೀಟರ್ ಕೊಳವೆಯದು. ಕಿರಿದಾದ ಬದಿಯಲ್ಲಿ ಅದು ಅರ್ಧದಷ್ಟು ಅಮುಕಿದರೂ ಮೆತ್ತಗಿರುವುದರಿಂದ ಬಾಗಿಲನ್ನು ತಡೆಯುವುದಿಲ್ಲ. 13ರ ಮೇಲ್ಮೂಲೆಗೆ ಮಾತ್ರ ಅದೂ ಸಾಲದು. ಅಲ್ಲಿ ಕೊಳವೆಯೊಳಗೆ ತೆಳುವಾದ ಸ್ಪಂಜಿನ ಬಳ್ಳಿ ತೂರಿಸಿದೆ. ಮೂಲೆ ತಿರುಗುವಾಗ ಕೊಳವೆ ಚಪ್ಪಟೆಯಾಗುವುದೂ ಇದರಿಂದ ತಪ್ಪಿತು.

ಕೂರಿಸುವಾಗ ಎಳೆಯಬೇಡಿ. ಎಳೆದ ರಬ್ಬರ್ ತಿಂಗಳೊಪ್ಪತ್ತಿನಲ್ಲಿ ಕುಗ್ಗಿ ಜೋಡಣೆಯಲ್ಲಿ ಬಾಯಿ ಬಿಡುತ್ತದೆ. ತುಸು ಹೆಚ್ಚೇ ಬಿಟ್ಟು ಒತ್ತುತ್ತಾ ಹೋಗಿ, ಜೋಡಣೆಯನ್ನು ಹೊಸ್ತಿಲಿನ ನಡುಭಾಗಕ್ಕೆ ತನ್ನಿ. ಕೆಲಸ ಮುಗಿದ ಮೇಲೆ ತೋಟದ ಸ್ಪ್ರಿಂಕ್ಲರ್ ಕೆಳಗೆ ಕಾರು ನಿಲ್ಲಿಸಿ, ಟಾರ್ಚ್ ಹಿಡಿದು ಒಳಗೆ ಕುಳಿತೆ. ಬಾಗಿಲ ಸುತ್ತ ಒಣಗಿತ್ತು. ಆದರೂ ಕಾಲ ಬಳಿ ನೀರು! ಅದು ಬಂದದ್ದು ಬಾಗಿಲ ಹೊಟ್ಟೆಯಿಂದ. ಗಾಜಿನ ಪಕ್ಕದಿಂದ ಬಾಗಿಲೊಳಗೆ ಇಳಿಯುವ ನೀರು ತಳದ ತೂತುಗಳಿಂದ ಹೊರಗೆ ಹೋಗಬೇಕು. ಅವುಗಳಿಗೆ ಕೆಮ್ಮಣ್ಣು ಮೆತ್ತಿತ್ತು. ತಂತಿಯಲ್ಲಿ ಕೆದಕಿದೆ, ಹರಿಯಿತು.

ಈಗ ಬಾಳಿಕೆಯ ಮಾತು. ಕೊಳವೆ ಇನ್ನೂ ಪುಟಿಯುತ್ತದೆ, ಬಿರುಕಿಲ್ಲ. ಬಿಸಿಲು, ಓಝೋನಿಗೆ ಇಪಿಡಿಎಂ ನೈಸರ್ಗಿಕ ರಬ್ಬರಿಗಿಂತ ಚೆನ್ನಾಗಿ ತಡೆಯುತ್ತದೆ. ಅದಕ್ಕೆ ಆಗದಿರುವುದು ಪೆಟ್ರೋಲಿಯಂ ಎಣ್ಣೆ, ಊದಿಕೊಂಡು ಸಡಿಲವಾಗುತ್ತದೆ. ಕಾರು ತೊಳೆಯುವವರು ಹೊಳಪಿಗೆಂದು ಡೀಸೆಲ್ ಬಟ್ಟೆ ಹಿಡಿದು ಬಂದರೆ ಕೈ ಮುಗಿದು ತಡೆಯಿರಿ. ಮಳೆಗಾಲಕ್ಕೆ ಮುಂಚೆ ಸಿಲಿಕೋನ್ ಸ್ಪ್ರೇ ಒರೆಸಿದರೆ ಸಾಕು.

ಕೆಟ್ಟದ್ದು ಎರಡು ಕಡೆ. ಡ್ರೈವರ್ ಬದಿಯ ಹೊಸ್ತಿಲಲ್ಲಿ ಹತ್ತಿ ಇಳಿಯುವಾಗ ಒರಸಿ ಕೊಳವೆ ಹರಿಯಿತು. ಅಷ್ಟುದ್ದ ಕತ್ತರಿಸಿ ಬೇರೆ ತುಂಡು ಹಾಕಿದೆ. ಹಾಗಾಗಿ ಒಂದು ಮೀಟರ್ ಹೆಚ್ಚಿಗೆ ಕೊಂಡಿಡಿ. ದವಡೆಯೊಳಗಿನ ಲೋಹದ ಪಟ್ಟಿ ಕತ್ತರಿಸಿದ ತುದಿಯಲ್ಲಿ ತುಕ್ಕು ಹಿಡಿದು ಬಿಳಿ ಬಣ್ಣದ ಮೇಲೆ ಕಂದು ಗೀರು ಇಳಿಸಿತು. ತುದಿಗೆ ಮೊದಲೇ ಒಂದು ಹನಿ ಬಣ್ಣ ಹಚ್ಚಿದರೆ ಅದು ತಪ್ಪುತ್ತದೆ.

ಇನ್ನೊಂದು ಕಿರಿಕಿರಿಗೆ ರಬ್ಬರನ್ನು ದೂರುವಂತಿಲ್ಲ. ಸಂದುಗೊಂದು ಮುಚ್ಚಿದ್ದರಿಂದ ಮಳೆಯಲ್ಲಿ ನಾಲ್ಕು ಜನ ಕುಳಿತರೆ ಮುಂದಿನ ಗಾಜು ಮಂಜು ಕಟ್ಟುತ್ತದೆ. ಎಸಿ ಇಲ್ಲದ ಕಾರು, ಗಾಜು ಬೆರಳಷ್ಟು ಇಳಿಸಲೇಬೇಕು. ಬಾಗಿಲು ಹಾಕುವಾಗಲೂ ಯಾವುದಾದರೂ ಒಂದು ಗಾಜು ತುಸು ಇಳಿದಿದ್ದರೆ ಒಳಗಿನ ಗಾಳಿ ಎದುರೊತ್ತುವುದಿಲ್ಲ.

ಡಿಕ್ಕಿಗೆ ಇದೇ ಬೀಡಿಂಗ್ ತರಬೇಡಿ. ಅದರ ಮುಚ್ಚಳ ಮೇಲಿನಿಂದ ಕೂರುವುದರಿಂದ ಕೊಳವೆ ದವಡೆಯ ನೆತ್ತಿಯ ಮೇಲಿರುವ ಜಾತಿಯದು ಬೇಕು. ಅಂಗಡಿಯಲ್ಲಿ ಎರಡೂ ಪಕ್ಕಪಕ್ಕದಲ್ಲೇ ಇರುತ್ತವೆ, ಕೇಳಿ ನೋಡಿಯೇ ಕತ್ತರಿಸಿಕೊಳ್ಳಿ.