78ರ ಪ್ಲೇಟಿಗೆ ಸ್ಪಿರಿಟ್ ಹಚ್ಚಬೇಡಿ

ಮಳೆಗಾಲ ಶುರುವಾಗಿದೆ. ಮಲೆನಾಡಿನಲ್ಲಿ ಹಳೆಯ ರೆಕಾರ್ಡ್ ಇಟ್ಟುಕೊಂಡವರೆಲ್ಲ ಇನ್ನು ಬೂಷ್ಟು ಒರೆಸಲು ಕೂರುತ್ತಾರೆ. ಕೂರುವ ಮುಂಚೆ ಇದನ್ನು ಓದಿಬಿಡಿ. ಹೋದ ವರ್ಷ ಇದೇ ಆರಿದ್ರಾ ಮಳೆಯಲ್ಲಿ ನಾನು ಕೈಯಾರೆ 78ರ ಒಂದು ಜಾಝ್ ಪ್ಲೇಟು, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆ ರೆಕಾರ್ಡು, ಹಾಳು ಮಾಡಿದೆ. ಅಂಥದ್ದು ಮತ್ತೆ ಸಿಕ್ಕಿಲ್ಲ.

ಅದು ಸಿಕ್ಕಿದ್ದು ಕೊಪ್ಪದ ಹತ್ತಿರ, ಕಾಫಿ ತೋಟದ ಹಳೆ ಬಂಗಲೆಯೊಂದನ್ನು ಖಾಲಿ ಮಾಡುವಾಗ. ಅಟ್ಟದ ಮೇಲೆ ತಗಡಿನ ಟ್ರಂಕು, ಅದರಲ್ಲಿ ಹನ್ನೆರಡು ಪ್ಲೇಟು. ಹೆಚ್ಚಿನವು ಡ್ಯಾನ್ಸಿನ ಹಾಡುಗಳು. ಒಂದರ ಲೇಬಲ್ ಮೇಲೆ ಮಾತ್ರ ಟೆಡ್ಡಿ ವೆದರ್‌ಫರ್ಡ್ ಎಂಬ ಹೆಸರು, ಕೆಳಗೆ ಸಣ್ಣ ಅಕ್ಷರದಲ್ಲಿ ದಂ ದಂ ಅಂತ ಇತ್ತು. ಕಲ್ಕತ್ತದ ಪಕ್ಕದ ದಂ ದಂನಲ್ಲೇ ಆಗ ಪ್ಲೇಟು ಅಚ್ಚಾಗುತ್ತಿದ್ದದ್ದು. ಕೈ ನಡುಗಿತು ನನಗೆ. ಈ ವೆದರ್‌ಫರ್ಡ್ ಅಮೆರಿಕದವರು. 1920ರ ದಶಕದಲ್ಲಿ ಷಿಕಾಗೋದಲ್ಲಿ ಹೆಸರಾಂತ ಜಾಝ್ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಇದ್ದ ತಂಡದಲ್ಲೇ ಪಿಯಾನೋ ನುಡಿಸಿದವರು. ಆಮೇಲೆ ಶಾಂಘೈ, ಬೊಂಬಾಯಿಯ ತಾಜ್ ಹೋಟೆಲ್, ಕೊನೆಗೆ ಕಲ್ಕತ್ತ. ಯುದ್ಧದ ವರ್ಷಗಳಲ್ಲಿ ಅಲ್ಲಿ ಪ್ಲೇಟುಗಳಿಗೆ ನುಡಿಸಿದರು. 1945ರಲ್ಲಿ ಕಾಲರಾ ಬಂದು ಅಲ್ಲೇ ತೀರಿಕೊಂಡರು. ಆ ಮನುಷ್ಯನ ಬೆರಳಿನ ಸದ್ದು ನಮ್ಮ ಕಾಡಿನ ನಡುವೆ ಒಂದು ಟ್ರಂಕಿನಲ್ಲಿ ಇಷ್ಟು ವರ್ಷ ಕೂತಿತ್ತು. ಸಂಗ್ರಹ ಮಾಡುವವರಿಗೆ ಇದಕ್ಕಿಂತ ಖುಷಿ ಬೇರೆ ಏನಿದೆ?

ಶಿವಮೊಗ್ಗದ ನಮ್ಮ ಮನೆಯಲ್ಲಿ ಜೂನ್ ಹೊತ್ತಿಗೆ ಅದಕ್ಕೆ ಬಿಳಿ ಬೂಷ್ಟು ಬಂತು. ನಾನು ಒಂದು ವಿಡಿಯೋ ನೋಡಿದ್ದೆ. ಡಿಸ್ಟಿಲ್ಡ್ ನೀರಿಗೆ ಸ್ವಲ್ಪ ಸ್ಪಿರಿಟ್ ಬೆರೆಸಿ ಒರೆಸಿ ಅಂತ ಅದರಲ್ಲಿ ಹೇಳಿದ್ದರು. ಮೊದಲು ಅಮೆರಿಕದ ಜಾಝ್ ಪಿಯಾನೋ ವಾದಕ ಡೇವ್ ಬ್ರೂಬೆಕ್ ಅವರ 1959ರ ಟೈಮ್ ಔಟ್ ಎಲ್‌ಪಿಯನ್ನು (ನಿಧಾನ ತಿರುಗುವ, ಹೆಚ್ಚು ಹೊತ್ತು ನುಡಿಯುವ ರೆಕಾರ್ಡು) ಹಾಗೇ ಒರೆಸಿದೆ. ಅದರಲ್ಲಿ ಐದು ಎಣಿಕೆಯಲ್ಲಿ ಹೋಗುವ ಒಂದು ತುಣುಕಿದೆ. ಖಂಡ ಚಾಪು ಹಾಕಿ ಕೂತು ಕೇಳುವುದು ನನಗೆ ಬಹಳ ಇಷ್ಟ. ಚಟಪಟ ಸದ್ದೆಲ್ಲ ಹೋಗಿ ಹೊಸದರ ಹಾಗೆ ಕೇಳಿಸಿತು. ಧೈರ್ಯ ಬಂತು. ವೆದರ್‌ಫರ್ಡ್ ಪ್ಲೇಟಿನ ಬೂಷ್ಟು ಜಾಸ್ತಿ ಇದೆ ಅಂತ ನೀರು ಬೆರೆಸದೆ ಬರೀ ಸರ್ಜಿಕಲ್ ಸ್ಪಿರಿಟ್ಟನ್ನೇ ಬಟ್ಟೆಗೆ ಸುರಿದುಕೊಂಡೆ.

ಎರಡು ಸುತ್ತು ಒರೆಸಿದೆ. ಬಿಳಿ ಬಟ್ಟೆ ಕಪ್ಪಾಯಿತು. ಕೊಳೆ ಬಿಡ್ತಾ ಇದೆ ಅಂದುಕೊಂಡೆ. ಮೂರನೇ ಸುತ್ತಿಗೆ ಬಟ್ಟೆ ಪ್ಲೇಟಿಗೆ ಅಂಟಿತು. ಎಳೆದರೆ ನೂಲಿನ ಎಳೆ ಅಲ್ಲೇ ಉಳಿಯಿತು. ಬೆಳಕಿಗೆ ಹಿಡಿದರೆ ಗೆರೆಗಳ ಹೊಳಪು ಪೂರ್ತಿ ಸತ್ತುಹೋಗಿ, ಸ್ಲೇಟಿನ ಥರ ಮಂಕಾಗಿತ್ತು. ಆರಿದ ಮೇಲೆ ಹಾಕಿದೆ. ಹೆಂಚಿನ ಮೇಲೆ ಮಳೆ ಸುರಿದ ಹಾಗೆ ಒಂದೇ ಸದ್ದು. ಪಿಯಾನೋ ಎಲ್ಲೋ ಅದರಡಿ ಇತ್ತು.

ಮನೆಗೆ ಬೀಟೆ ಕುರ್ಚಿ ಪಾಲಿಶ್ ಮಾಡಲು ಬಂದಿದ್ದ ಆಚಾರ್ರು ಪ್ಲೇಟು ಮೂಸಿ ನೋಡಿದರು. "ಇದು ಅರಗು ಮಾರಾಯ್ರೇ! ನಾವು ಪಾಲಿಶಿಗೆ ಅರಗನ್ನ ಸ್ಪಿರಿಟ್ಟಲ್ಲೇ ಅಲ್ವಾ ಕರಗಿಸೋದು?" ಅಂದರು. ಅವರ ಡಬ್ಬಿಯಲ್ಲಿ ಇದ್ದದ್ದೂ ಅದೇ.

78ರ ಪ್ಲೇಟಿನಲ್ಲಿ ಕಲ್ಲಿನ ಪುಡಿಯನ್ನೆಲ್ಲ ಹಿಡಿದಿಟ್ಟಿರುವುದು ಅರಗು. ಎಲ್‌ಪಿ ವಿನೈಲ್‌ನದ್ದು, ಬೇರೆಯೇ ವಸ್ತು. ಎಲ್‌ಪಿಗೆ ಹೇಳಿದ ಉಪಾಯವನ್ನು ದಯವಿಟ್ಟು 78ಕ್ಕೆ ಮಾಡಬೇಡಿ. ಸ್ಯಾನಿಟೈಸರ್, ಕನ್ನಡಕ ಒರೆಸುವ ದ್ರಾವಣ ಯಾವುದೂ ಬೇಡ, ಅವುಗಳಲ್ಲೂ ಸ್ಪಿರಿಟ್ಟಿನ ಜಾತಿಯದ್ದು ಇರುತ್ತದೆ. ಹಳೇದಾದರೆ ಮಾತ್ರ ಅರಗು ಅಂತಲೂ ಲೆಕ್ಕ ಹಾಕಬೇಡಿ. ಅಮೆರಿಕದಲ್ಲಿ ಎಲ್‌ಪಿ ಬಂದದ್ದು 1948ರಲ್ಲಿ, ಆದರೆ ನಮ್ಮಲ್ಲಿ 1960ರ ದಶಕದಲ್ಲೂ 78 ಅಚ್ಚಾಗುತ್ತಿತ್ತು. ಲೇಬಲ್ ಮೇಲೆ ಎಷ್ಟು ಸುತ್ತು ಅಂತ ಓದಿ. ಕೈಗೆ ಭಾರವಾಗಿ, ಬಿರುಸಾಗಿ, ಒಂದು ಮಗ್ಗುಲಿಗೆ ಮೂರು ನಿಮಿಷದ್ದೊಂದೇ ಹಾಡು ಇದ್ದರೆ ಅರಗಿನದ್ದೇ ಅಂದುಕೊಳ್ಳಿ.

ನಾನು ಈಗ ಮಾಡುವುದಿಷ್ಟು. ಬಿಸಿಲು ಬಿದ್ದ ದಿನ ಮೂಗಿಗೆ ಬಟ್ಟೆ ಕಟ್ಟಿಕೊಂಡು ಜಗಲಿಯ ನೆರಳಲ್ಲಿ ಮೆತ್ತನೆ ಒಣ ಬ್ರಷ್‌ನಿಂದ ಬೂಷ್ಟು ಉದುರಿಸುತ್ತೇನೆ. ಅದಕ್ಕೂ ಹೋಗದಿದ್ದರೆ ಡಿಸ್ಟಿಲ್ಡ್ ನೀರಿಗೆ ಒಂದು ಹನಿ ಸೋಪು ಹಾಕಿ, ಲೇಬಲ್ ನೆನೆಯದ ಹಾಗೆ ಒರೆಸಿ, ತಕ್ಷಣ ಒಣಗಿಸುತ್ತೇನೆ. ನೆನೆಹಾಕುವುದಿಲ್ಲ. ಮಳೆಗಾಲದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡುವುದೂ ಇಲ್ಲ, ಒಳಗೇ ಥಂಡಿ ನಿಲ್ಲುತ್ತದೆ. ಗೋಡೆಗೆ ತಾಗದ ಹಾಗೆ ನೆಟ್ಟಗೆ ನಿಲ್ಲಿಸಿದ್ದೇನೆ. ಎಲ್‌ಪಿಯ ಮುಳ್ಳಲ್ಲೇ 78 ಹಾಕಬೇಡಿ, ಇದರ ಗೆರೆ ಅಗಲ, ಬೇರೆ ಮುಳ್ಳು ಬೇಕು.

ಪುಣ್ಯಕ್ಕೆ ವೆದರ್‌ಫರ್ಡ್ ಪ್ಲೇಟಿನ ಇನ್ನೊಂದು ಮಗ್ಗುಲಿಗೆ ಆ ದಿನ ಸ್ಪಿರಿಟ್ ಮುಟ್ಟಿಸಿರಲಿಲ್ಲ. ಬ್ರಷ್ ಆಡಿಸಿ ಹಾಕಿದೆ. ಸರಸರ ಸದ್ದು ಇದೆ, ಆದರೆ ಎಡಗೈ ಒತ್ತು ಒಂದೊಂದೂ ಬಿಡಿಬಿಡಿಯಾಗಿ ಕೇಳುತ್ತದೆ.