ಎರಡು ಲೋಡ್ ಪಟ್ಟಿ ನೋಡಿ ದೊಡ್ಡ ಅಂಕಿ ಆರಿಸಬೇಡಿ

ರಿವಾಲ್ವರ್‌ನ ತೋಟಾಗಳಿಗೆ ಮನೆಯಲ್ಲಿ ತಾವೇ ಪೌಡರ್, ಗುಂಡು ತುಂಬಿಕೊಳ್ಳುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಜೊತೆ ಗುರಿ ಅಭ್ಯಾಸ ಮಾಡುವ ಗೆಳೆಯರೊಬ್ಬರ .357 ಮ್ಯಾಗ್ನಂ ರಿವಾಲ್ವರ್ ನನ್ನ ಕಣ್ಣೆದುರೇ ಹಾಳಾಯಿತು. ಯಾರಿಗೂ ಗಾಯವಾಗಲಿಲ್ಲ, ಅದೇ ಪುಣ್ಯ.

ಮೊದಲ ಸುತ್ತಿನಲ್ಲೇ ಖಾಲಿ ಕೇಸ್‌ಗಳು (ತೋಟಾದ ಲೋಹದ ಕವಚಗಳು) ಸಿಲಿಂಡರ್‌ಗೆ ಕಚ್ಚಿಕೊಂಡವು. ಎಜೆಕ್ಟರ್ ಕಡ್ಡಿಗೆ ತಟ್ಟಿ ತಟ್ಟಿ ತೆಗೆಯಬೇಕಾಯಿತು. ಇಲ್ಲಿಗೇ ನಿಲ್ಲಿಸಿ ಅಂದೆ. "ಪ್ರೈಮರ್ ಚಪ್ಪಟೆ ಆಗಿಲ್ವಲ್ಲ" ಅಂತ, ಕೇಸ್‌ನ ತಳದಲ್ಲಿ ಪೌಡರ್ ಹೊತ್ತಿಸುವ ಪುಟ್ಟ ಬಿಲ್ಲೆ ತೋರಿಸಿ, ಅವರು ರಿವಾಲ್ವರ್‌ಗೆ ಮತ್ತೆ ತೋಟಾ ಹಾಕಿದರು. ಎರಡನೇ ಸುತ್ತಿನ ಮಧ್ಯೆ ಸಿಲಿಂಡರ್ ತಿರುಗಲೇ ಇಲ್ಲ. ಆಮೇಲೆ ಗನ್‌ಸ್ಮಿತ್ ಅಳೆದು ನೋಡಿದಾಗ ಸಿಲಿಂಡರ್‌ನ ಒಂದು ಚೇಂಬರ್ (ತೋಟಾ ಕೂರುವ ತೂತು) ಉಬ್ಬಿತ್ತು. ಪ್ರೈಮರ್ ನೋಡಿ ಒತ್ತಡ ಹೇಳೋಕಾಗಲ್ಲ. ಕೇಸ್ ಕಚ್ಚಿಕೊಂಡಿತು ಅಂದರೆ ಅಷ್ಟೊತ್ತಿಗೆ ಮಿತಿ ದಾಟಿಯೇ ಇರಬಹುದು.

ಅವರು ಅಂದಾಜಿನ ಮೇಲೆ ಪೌಡರ್ ತುಂಬಿದವರಲ್ಲ. ಯಾವ ಗುಂಡಿಗೆ ಎಷ್ಟು ಪೌಡರ್ ಅಂತ ಹೇಳುವ ಅಚ್ಚಾದ ಎರಡು ಲೋಡ್ ಪಟ್ಟಿ ಎದುರಿಗಿಟ್ಟುಕೊಂಡೇ ತುಂಬಿದ್ದರು. ನನಗೆ ದಿಗಿಲು ಹುಟ್ಟಿಸಿದ್ದು ಅದೇ. ಹಳೆಯ ಪಟ್ಟಿಯಲ್ಲಿ ಗರಿಷ್ಠ ಒತ್ತಡ 45,000 ಅಂತ ಇತ್ತು, ಹೊಸದರಲ್ಲಿ 35,000. ಹೊಸಬರು ಸುಮ್ನೆ ಹೆದರಿ ಕಡಿಮೆ ಮಾಡಿದ್ದಾರೆ ಅಂದುಕೊಂಡು ಹಳೆಯದರ ಗರಿಷ್ಠ ಅಳತೆಯನ್ನೇ ಹಿಡಿದರು. ಆದರೆ .357 ಮ್ಯಾಗ್ನಂಗೆ ಆ ಎರಡೂ ಒಂದೇ ಮಿತಿ! 45,000 ಅನ್ನೋದು ಸಿಯುಪಿ ಲೆಕ್ಕ. ತಾಮ್ರದ ಪುಟ್ಟ ತುಂಡು ಎಷ್ಟು ಜಜ್ಜಿಹೋಯಿತು ಅಂತ ನೋಡಿ ಹೇಳುವ ಅಂಕಿ. 35,000 ಅನ್ನೋದು ಪಿಎಸ್‌ಐ (ಚದರ ಇಂಚಿಗೆ ಪೌಂಡ್), ಸೆನ್ಸರ್ ಇಟ್ಟು ಅಳೆದದ್ದು. ಒಂದನ್ನು ಇನ್ನೊಂದಕ್ಕೆ ಬದಲಿಸಲು ನಂಬುವಂಥ ಸೂತ್ರವಿಲ್ಲ.

ಗುಂಡಿನ ಕಥೆಯೂ ಅಷ್ಟೇ. ಹಳೆಯ ಪಟ್ಟಿಯದು ಸೀಸದ ತಿರುಳಿಗೆ ತಾಮ್ರದ ಹೊದಿಕೆ ಇರುವ 140 ಗ್ರೇನ್ ಗುಂಡು. ಇವರ ಬಳಿ ಇದ್ದದ್ದು ಪೂರ್ತಿ ತಾಮ್ರದ 140 ಗ್ರೇನ್. ತೂಕ ಒಂದೇ ಅಲ್ವಾ ಅನಿಸುತ್ತದೆ. ಆದರೆ ತಾಮ್ರ ಸೀಸಕ್ಕಿಂತ ಹಗುರ, ಹಾಗಾಗಿ ಗುಂಡು ಉದ್ದ. ಉದ್ದದ ಗುಂಡು ಕೇಸ್‌ನೊಳಗೆ ಜಾಸ್ತಿ ಇಳಿಯುತ್ತದೆ, ಪೌಡರ್‌ಗೆ ಜಾಗ ಕಡಿಮೆಯಾಗುತ್ತದೆ, ಒತ್ತಡ ಏರುತ್ತದೆ. ರಿವಾಲ್ವರ್‌ನ ಚಿಕ್ಕ ಕೇಸ್‌ನಲ್ಲಿ, ಅದೂ ಬೇಗ ಉರಿಯುವ ಪೌಡರ್ ಇದ್ದರೆ, ಕೂದಲೆಳೆಯಷ್ಟು ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ.

ವೇಗದ ಅಂಕಣ ನೋಡುವಾಗಲೂ ಹುಷಾರು. ಕೆಲವು ಪಟ್ಟಿಗಳ ವೇಗ 10 ಇಂಚಿನ ಪರೀಕ್ಷಾ ಬ್ಯಾರೆಲ್‌ನದು. 4 ಇಂಚಿನ ರಿವಾಲ್ವರ್‌ನಲ್ಲಿ ಆ ವೇಗ ಬರೋದಿಲ್ಲ. ಬರಲಿಲ್ಲ ಅಂತ ಪೌಡರ್ ಏರಿಸುತ್ತಾ ಹೋಗೋದು ಅಪಾಯಕ್ಕೆ ಕೈ ಹಾಕಿದ ಹಾಗೆ.

ಪಟ್ಟಿಗಳನ್ನು ಹೋಲಿಸಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಹೋಲಿಸಿ. ಆದರೆ ಅಂಕಿಗಿಂತ ಮೊದಲು ಗುಂಡು, ತೋಟಾದ ಒಟ್ಟು ಉದ್ದ, ಕೇಸ್, ಪ್ರೈಮರ್, ಒತ್ತಡದ ಮಾಪನ, ಎಲ್ಲ ಸಾಲು ಸಾಲಾಗಿ ನೋಡಿ. ನಿಮ್ಮ ಗುಂಡು ತಯಾರಿಸಿದವರ ಪಟ್ಟಿ ಸಿಕ್ಕರೆ ಅದನ್ನೇ ಹಿಡಿಯಿರಿ. ಎರಡು ಪಟ್ಟಿಯ ಸರಾಸರಿ ತೆಗೆಯೋದಂತೂ ಬೇಡವೇ ಬೇಡ.

ಹಾಗಂತ ಮನಸ್ಸಿಗೆ ಬಂದಷ್ಟು ಇಳಿಸುವುದೂ ತಪ್ಪು. ಎಚ್110 ಥರದ ಪೌಡರನ್ನು ತಯಾರಕರು ಹೇಳಿದ್ದಕ್ಕಿಂತ ಕಡಿಮೆ ಹಾಕಿದರೆ ಸರಿಯಾಗಿ ಉರಿಯದೆ ಗುಂಡು ಬ್ಯಾರೆಲ್‌ನಲ್ಲೇ ಸಿಕ್ಕಿಕೊಳ್ಳಬಹುದು. ಅದರ ಹಿಂದೆಯೇ ಇನ್ನೊಂದು ಹಾರಿಸಿದರೆ ಬ್ಯಾರೆಲ್ ಸೀಳಬಹುದು.

ಪಟ್ಟಿ ಬೆರೆಸಿ ತುಂಬಿದ ತೋಟಾ ಈಗಾಗಲೇ ನಿಮ್ಮ ಬಳಿ ಇದ್ದರೆ ಹಾರಿಸಬೇಡಿ, ಗುಂಡು ಎಳೆದು ತೆಗೆಯುವ ಬುಲೆಟ್ ಪುಲ್ಲರ್‌ನಿಂದ ಬಿಚ್ಚಿ. ಒಳಗಿನ ಪೌಡರ್ ಯಾವುದೆಂದು ಸಣ್ಣ ಅನುಮಾನವಿದ್ದರೂ ಅದನ್ನು ಮರಳಿ ಡಬ್ಬಕ್ಕೆ ಸುರಿಯಬೇಡಿ.