ಒಂದೇ ಯಂತ್ರವನ್ನು ಮೂರು ಸಲ ಕೊಂಡಾಗ

ಕಮೋಡೋರ್ 64 ಕಂಪ್ಯೂಟರನ್ನು ನಾನು ಮೂರು ಸಲ ಕೊಂಡಿದ್ದೇನೆ. ಮೂರು ಬೇಕಿತ್ತೆಂದಲ್ಲ. ಮೊದಲನೆಯದು ಕೈಕೊಟ್ಟಿತು, ಎರಡನೆಯದು ಬೇಸರ ತರಿಸಿತು, ಮೂರನೆಯದು ತಾನಾಗಿ ಎದುರಾಯಿತು. 1982ರಲ್ಲಿ ಮಾರುಕಟ್ಟೆಗೆ ಬಂದು 1994ರವರೆಗೂ ತಯಾರಾಗುತ್ತಿದ್ದ ಯಂತ್ರ ಇದು. ಕೋಟಿಗೂ ಮೀರಿ ಮಾರಾಟವಾಗಿರುವುದರಿಂದ ಇಂದಿಗೂ ಹುಡುಕಿದರೆ ಸಿಗುತ್ತದೆ. ಒಂದನ್ನು ಆನ್‌ಲೈನ್ ಹರಾಜಿನಲ್ಲಿ ಕೂಗಿ ಪಡೆದೆ, ಇನ್ನೊಂದನ್ನು ದುರಸ್ತಿ ಮಾಡಿ ಮಾರುವ ಹವ್ಯಾಸಿಯಿಂದ ತರಿಸಿಕೊಂಡೆ, ಮತ್ತೊಂದನ್ನು ಮೊದಲ ಮಾಲೀಕರ ಮನೆಗೇ ಹೋಗಿ ತಂದೆ. ಯಂತ್ರ ಒಂದೇ ಆದ್ದರಿಂದ ದಾರಿಗಳ ಗುಣಾವಗುಣ ಚೆನ್ನಾಗಿ ಕಂಡಿತು.

ಹರಾಜಿನದರ ವಿವರಣೆಯಲ್ಲಿ ಇದ್ದದ್ದು ಒಂದೇ ಸಾಲು: ‘ಪರೀಕ್ಷಿಸಿಲ್ಲ, ಇದ್ದ ಸ್ಥಿತಿಯಲ್ಲೇ ಮಾರಾಟ.’ ಈ ಮಾತಿನ ಅರ್ಥ ನನಗೆ ಆಗ ತಿಳಿದಿರಲಿಲ್ಲ. ವಿದ್ಯುತ್ ಅಡಾಪ್ಟರ್ ಜೊತೆಗೇ ಇದೆ, ಟಿವಿ ಯಾರ ಮನೆಯಲ್ಲೂ ಇರುತ್ತದೆ. ಹೀಗಿದ್ದೂ ಒಬ್ಬ ಮಾರಾಟಗಾರ ಪರೀಕ್ಷಿಸಿಲ್ಲ ಎಂದರೆ, ಬಹುಮಟ್ಟಿಗೆ ಪರೀಕ್ಷಿಸಿ ನಿರಾಶನಾಗಿದ್ದಾನೆ ಎಂದೇ ಈಗ ಓದಿಕೊಳ್ಳುತ್ತೇನೆ. ಬಂದ ಯಂತ್ರ ಕಪ್ಪು ಪರದೆಯನ್ನಷ್ಟೇ ತೋರಿಸಿತು. ಮುಚ್ಚಳ ತೆಗೆದು, ಒಂದು ನಿಮಿಷ ವಿದ್ಯುತ್ ಹರಿಸಿ, ಎಂಟು ಮೆಮೊರಿ ಚಿಪ್‌ಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ನೋಡಿದೆ. ಎರಡು ಚಿಪ್‌ಗಳು ಬೆರಳು ಇಡಲಾಗದಷ್ಟು ಸುಡುತ್ತಿದ್ದವು.

ಅಪರಾಧಿ ಯಾರೆಂದು ಹುಡುಕಬೇಕಾಗಿರಲಿಲ್ಲ. ಈ ಯಂತ್ರದ ಮೂಲ ಅಡಾಪ್ಟರ್ ಇಟ್ಟಿಗೆಯಂಥ ಡಬ್ಬಿ. ಒಳಗೆ ಗಟ್ಟಿ ಎಪಾಕ್ಸಿ ತುಂಬಿರುತ್ತದೆ, ಬಿಸಿ ಹೊರಹೋಗಲು ಜಾಗವಿಲ್ಲ, ಬಿಚ್ಚಿ ಸರಿಪಡಿಸುವ ದಾರಿಯೂ ಇಲ್ಲ. ವಯಸ್ಸಾದ ಮೇಲೆ ಅದರೊಳಗಿನ ನಿಯಂತ್ರಕ ಕೆಟ್ಟರೆ 5 ವೋಲ್ಟ್ ಕೊಡಬೇಕಾದ ತಂತಿಯಲ್ಲಿ ಅದಕ್ಕಿಂತ ಹೆಚ್ಚು ಹರಿಯುತ್ತದೆ, ಮೆಮೊರಿ ಚಿಪ್‌ಗಳು ಸಾಯುತ್ತವೆ. ಕೆಟ್ಟ ಅಡಾಪ್ಟರ್ ಸಾಮಾನ್ಯವಾಗಿ ತಾನು ಕೆಟ್ಟಿರುವುದನ್ನು ಹೇಳಿಕೊಳ್ಳುವುದಿಲ್ಲ. ಯಂತ್ರ ಸತ್ತಾಗಲೇ ನಮಗೆ ಗೊತ್ತಾಗುವುದು. ಮಲ್ಟಿಮೀಟರ್‌ನಲ್ಲಿ ಒಮ್ಮೆ ಅಳೆದು ಸರಿಯಿದೆ ಎಂದುಕೊಳ್ಳುವುದೂ ಸಾಲದು, ಬಿಸಿಯಾದ ಮೇಲೆ ಅದು ವರಸೆ ಬದಲಿಸಬಹುದು.

ಚಿಪ್‌ಗಳನ್ನು ಬದಲಿಸಲು ನಾಲ್ಕು ಸಂಜೆ ಹಿಡಿಯಿತು. ಯಂತ್ರ ಸರಿಯಾಗಿ ಶುರುವಾದಾಗ ಕಾಣುವ ನೀಲಿ ಪರದೆ ಬಂತು, ಆದರೆ ಧ್ವನಿ ಬರಲಿಲ್ಲ. ಮತ್ತೆ ಬಗ್ಗಿ ನೋಡಿದರೆ ಸಿಡ್ ಚಿಪ್ ಕೂರಬೇಕಾದ ಸಾಕೆಟ್ ಖಾಲಿ! ಮೆಮೊರಿಯ ಗಲಾಟೆಯಲ್ಲಿ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಈ ಯಂತ್ರದ ಸಂಗೀತವೆಲ್ಲ ಆ ಒಂದು ಚಿಪ್ಪಿನದು. ಅದರ ತಯಾರಿಕೆ ನಿಂತು ದಶಕಗಳಾಗಿವೆ, ಸಂಗೀತಗಾರರೂ ಅದಕ್ಕೆ ಗಿರಾಕಿಗಳು. ಹೀಗಾಗಿ ಅದನ್ನು ಕಿತ್ತು ಪ್ರತ್ಯೇಕವಾಗಿ ಮಾರಿ, ಉಳಿದದ್ದನ್ನು ‘ಪರೀಕ್ಷಿಸಿಲ್ಲ’ ಎಂದು ದಾಟಿಸುವವರು ಇದ್ದಾರೆ. ಅಂದಿನಿಂದ ಬೋರ್ಡಿನ ಒಳಭಾಗದ ಫೋಟೊ ಇಲ್ಲದ ಹರಾಜಿಗೆ ನಾನು ಕೂಗುವುದಿಲ್ಲ. ಫೋಟೊ ಕೇಳಿದಾಗ ‘ನನ್ನ ಬಳಿ ಸ್ಕ್ರೂಡ್ರೈವರ್ ಇಲ್ಲ’ ಎಂಬ ಉತ್ತರ ಬಂದರೆ ಅದೂ ಒಂದು ಮಾಹಿತಿಯೇ.

ಹರಾಜಿನಲ್ಲಿ ಕೊಟ್ಟದ್ದನ್ನು ಒಂದು ಪಾಲು ಎಂದಿಟ್ಟುಕೊಂಡರೆ, ಹವ್ಯಾಸಿಯ ಯಂತ್ರಕ್ಕೆ ಎರಡೂವರೆ ಪಾಲು ತೆತ್ತೆ. ದುಬಾರಿ ಎನಿಸಿತ್ತು. ಆದರೆ ಮೊದಲನೆಯದಕ್ಕೆ ಚಿಪ್, ಹೊಸ ಅಡಾಪ್ಟರ್, ಸಾಗಣೆ ಎಲ್ಲ ಸೇರಿ ಆಗಲೇ ಎರಡು ಪಾಲು ಮುಟ್ಟಿತ್ತು, ಅದೂ ಮೂಕ ಯಂತ್ರಕ್ಕೆ. ಇವನಾದರೋ ಯಾವ ಕೆಪಾಸಿಟರ್ ಬದಲಿಸಿದೆ, ಯಾವ ಚಿಪ್ ಮೂಲದ್ದು, ಯಾವುದು ಬದಲಿ ಎಂದು ಚೀಟಿ ಬರೆದು ಪೆಟ್ಟಿಗೆಯಲ್ಲಿಟ್ಟಿದ್ದ. ಪರೀಕ್ಷಾ ಕಾರ್ಟ್ರಿಜ್ ಹಾಕಿ ಓಡಿಸಿದ ವಿಡಿಯೊವನ್ನೂ ಕಳುಹಿಸಿದ್ದ. ನನಗೆ ಒಪ್ಪದಿದ್ದದ್ದು ಒಂದೇ: ಹಳದಿಗಟ್ಟಿದ್ದ ಪ್ಲಾಸ್ಟಿಕ್ಕನ್ನು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬಿಳಿ ಮಾಡಿದ್ದ. ಎಂಟು ತಿಂಗಳಲ್ಲಿ ಹಳದಿ ಮರಳಿತು, ಈ ಬಾರಿ ತೇಪೆ ತೇಪೆಯಾಗಿ. ಸಮನಾದ ಹಳದಿಯೇ ಇದಕ್ಕಿಂತ ಚೆನ್ನಾಗಿರುತ್ತದೆ.

ಹಾಗಿದ್ದೂ ಬೇಸರ ಏಕೆ ಬಂತು? ಮಾಡಲು ನನಗೆ ಏನೂ ಉಳಿದಿರಲಿಲ್ಲ. ಆಟ ಆಡುವುದಷ್ಟೇ ಗುರಿಯಾದವರಿಗೆ ಇದೇ ಸರಿಯಾದ ದಾರಿ. ಬೆಸುಗೆಯ ಹೊಗೆ ಕುಡಿದು ಅಭ್ಯಾಸವಾದವರಿಗೆ ಅಲ್ಲ.

ಮೂರನೆಯದು ಪರಿಚಿತರೊಬ್ಬರ ಪರಿಚಿತರದು. ಮನೆ ಖಾಲಿ ಮಾಡುವಾಗ ಅಟ್ಟದಿಂದ ಇಳಿಸಿದ್ದರು. ನಾನು ಹೋದಾಗ ಹಿರಿಯರು ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿಟ್ಟು, ಆ ಇಟ್ಟಿಗೆ ಅಡಾಪ್ಟರಿನ ಪ್ಲಗ್ಗನ್ನು ಕೈಯಲ್ಲಿ ಹಿಡಿದಿದ್ದರು. “ನೋಡಿ, ಈಗಲೂ ಓಡುತ್ತದೆ, ತೋರಿಸುತ್ತೇನೆ” ಎಂದರು. ಬೇರೆಯವರ ಮನೆಯಲ್ಲಿ ಅಷ್ಟು ಜೋರಾಗಿ ‘ಬೇಡ!’ ಎಂದು ನಾನು ಎಂದೂ ಕೂಗಿರಲಿಲ್ಲ. ಚೀಲದಿಂದ ನನ್ನ ಅಡಾಪ್ಟರ್ ತೆಗೆದು ಜೋಡಿಸಿದೆ. ನೀಲಿ ಪರದೆಯ ಮೇಲೆ 38911 ಬೈಟ್ ಖಾಲಿ ಇದೆ ಎಂಬ ಸಾಲು ಮೂಡಿತು. ಈ ಸಂಖ್ಯೆ ಸರಿಯಾಗಿ ಬಂದರೆ ಆರಂಭದ ಮೆಮೊರಿ ಪರೀಕ್ಷೆ ಸುಗಮವಾಗಿ ಮುಗಿದಿದೆ ಎಂದು ಲೆಕ್ಕ.

ಅವರು ಬೆಲೆ ಹೇಳಲಿಲ್ಲ, ನನ್ನನ್ನೇ ಕೇಳಿದರು. ಇಂಥ ಕಡೆ ಮುಜುಗರವಾಗುತ್ತದೆ. ಮಾರುವವರು ಪಟ್ಟಿ ಹಾಕಿದ ಬೆಲೆಗಳನ್ನು ನೋಡಿದರೆ ತಲೆ ತಿರುಗುತ್ತದೆ, ನಿಜವಾಗಿ ಮಾರಾಟವಾಗಿ ಮುಗಿದವುಗಳ ಬೆಲೆಯನ್ನೇ ನೋಡಬೇಕು. ಮೊಬೈಲಿನಲ್ಲಿ ಅದನ್ನು ಅವರಿಗೇ ತೋರಿಸಿ, ಪ್ರೋಗ್ರಾಂಗಳನ್ನು ಟೇಪಿನಿಂದ ಓದಿಸುವ ಕ್ಯಾಸೆಟ್ ಯಂತ್ರ, ಜಾಯ್‌ಸ್ಟಿಕ್, ಕೈಪಿಡಿ ಎಲ್ಲ ಸೇರಿ ಎರಡು ಪಾಲು ಕೊಟ್ಟೆ. ಸುಮ್ಮನಿದ್ದರೆ ಅರ್ಧ ಪಾಲಿಗೇ ಸಿಗುತ್ತಿತ್ತು ಎಂದು ಗೆಳೆಯನೊಬ್ಬ ಇಂದಿಗೂ ಹಂಗಿಸುತ್ತಾನೆ.

ಗುಜರಿ ರಾಶಿಯಲ್ಲಿ ಹುಡುಕುವುದು ನಾಲ್ಕನೆಯ ದಾರಿ. ಒಂದು ಕೀಬೋರ್ಡ್ ಬಿಟ್ಟರೆ ನನಗೆ ಅಲ್ಲಿ ಏನೂ ದಕ್ಕಿಲ್ಲ.

ಜಾಗ ಸಾಲದೆ ಎರಡನ್ನು ಮಾರಬೇಕಾಯಿತು. ಮೂಕ ಯಂತ್ರವನ್ನು ಬಿಡಿಬಿಡಿಯಾಗಿ ಮಾರಿದೆ. ವಿಡಿಯೊ ಚಿಪ್, ಕೀಲಿಗಳು, ಡಬ್ಬಿ, ಬೋರ್ಡ್ ಹೀಗೆ ಹನ್ನೊಂದು ಪೊಟ್ಟಣ, ಐದು ತಿಂಗಳು. ಕೈಗೆ ಬಂದದ್ದು ಹೆಚ್ಚುಕಡಿಮೆ ಮೂರು ಪಾಲು. ಒಬ್ಬ ಕೊಳ್ಳುಗ ಚಿಪ್ ಸತ್ತಿದೆ ಎಂದು ಹಿಂದಿರುಗಿಸಿದ. ನಾನು ಕಳುಹಿಸುವಾಗ ಜೀವಂತವಿತ್ತು, ಅವನ ಅಡಾಪ್ಟರ್ ಅದನ್ನು ಕೊಂದಿರಲೂಬಹುದು. ಸಾಬೀತು ಮಾಡುವುದು ಹೇಗೆ? ಹಣ ವಾಪಸು ಕೊಟ್ಟೆ. ಸಿಡ್ ಕದ್ದವನನ್ನು ಬೈದುಕೊಂಡಿದ್ದ ನಾನೇ ಅವನ ಕೆಲಸವನ್ನು ಪೂರ್ತಿ ಮಾಡಿದೆನಲ್ಲ ಎಂಬ ಕಸಿವಿಸಿ ಬೇರೆ. ಹವ್ಯಾಸಿಯ ಯಂತ್ರವನ್ನು ಇಡಿಯಾಗಿ, ನಿಗದಿತ ಬೆಲೆಗೆ, ಅವನದೇ ಚೀಟಿಯೊಂದಿಗೆ ಮಾರಿದೆ. ನಾಲ್ಕೇ ದಿನದಲ್ಲಿ ಹೋಯಿತು, ಕೊಟ್ಟದ್ದು ಬಹುಪಾಲು ಮರಳಿತು. ಬದಲಿ ಎಷ್ಟು, ಹಳದಿ ಎಷ್ಟು ಎಂದು ಮುಂಚೆಯೇ ಬರೆದಿದ್ದರಿಂದ ಒಂದು ಪ್ರಶ್ನೆಯೂ ಬರಲಿಲ್ಲ. ಕಳುಹಿಸುವಾಗ ಅಡಾಪ್ಟರಿಗೆ ಪ್ರತ್ಯೇಕ ಪೆಟ್ಟಿಗೆ ಮಾಡಿದ್ದೆ. ಒಂದೇ ಪೆಟ್ಟಿಗೆಯಲ್ಲಿಟ್ಟರೆ ಅದು ಒಳಗೇ ಉರುಳಾಡಿ ಕೀಲಿಗಳನ್ನು ಮುರಿಯುತ್ತದೆ. ಗಾಜಿನ ಕೊಳವೆಯ ಮಾನಿಟರನ್ನು ಮಾತ್ರ ಅಂಚೆಗೆ ಕೊಡಲಿಲ್ಲ, ಬಂದು ಒಯ್ಯುವವರಿಗಾಗಿ ಕಾದೆ.

ಮೂರನೆಯದು ನನ್ನ ಬಳಿಯೇ ಇದೆ. ಹಿರಿಯರು ಕೇಳಿದ್ದು ಒಂದೇ, ಕ್ಯಾಸೆಟ್‌ಗಳಲ್ಲಿ ಏನಿದೆ ನೋಡಿ ತಿಳಿಸಿ ಎಂದು. ಕ್ಯಾಸೆಟ್ ಯಂತ್ರಕ್ಕೆ ಹೊಸ ರಬ್ಬರ್ ಬೆಲ್ಟ್ ಹಾಕಿ, ಹೆಡ್ಡಿನ ಕೋನವನ್ನು ಕೂದಲೆಳೆಯಷ್ಟು ತಿರುಗಿಸಿದ ಮೇಲೆ ಒಂದು ಕ್ಯಾಸೆಟ್ ಓದಿಕೊಂಡಿತು. ಆಟದ ಕ್ಯಾಸೆಟ್‌ಗಳನ್ನು ಯಾರು ಯಾರು ಒಯ್ದಿದ್ದಾರೆ ಎಂದು ಬರೆದಿಡಲು ಅವರೇ ಬೇಸಿಕ್ ಭಾಷೆಯಲ್ಲಿ ಕಟ್ಟಿದ್ದ ಪ್ರೋಗ್ರಾಂ ಅದು. ಪಟ್ಟಿಯನ್ನು ಫೋನಿನಲ್ಲಿ ಓದಿ ಹೇಳುತ್ತಾ ಹೋದೆ. ನಾಲ್ಕನೆಯ ಹೆಸರಿಗೆ ಅವರು ನನ್ನನ್ನು ತಡೆದರು. “ನಿಲ್ಲಿಸಿ. ಅವನು ಹೋದ ವಾರ ಮನೆಗೆ ಬಂದಿದ್ದ. ಒಂದು ಮಾತೂ ಎತ್ತಲಿಲ್ಲ!”